ಕೂಗಳತೆ

ಬಂದರಿನ ಗುಜರಿಯಲ್ಲಿ ಇದ್ದಿನಬ್ಬ ಅದನ್ನು ತೂಕಕ್ಕೆ ಹಾಕಿದ.
ಮೊಬೈಲ್ ಟವರಿನದ್ದಂತೆ. ಬುತ್ತಿಯಷ್ಟು ದೊಡ್ಡ ತಗಡಿನ ಡಬ್ಬಿ,
ಅರ್ಧ ಕಿಲೋ, ಚಿಲ್ಲರೆ.
"ಒಳಗೆ ಎಂತ ಉಂಟು ಲೋಕಯ್ಯಣ್ಣ?"
ರುಬಿಡಿಯಂ, ಅಂದೆ. ಪರಮಾಣು.
ತಕ್ಕಡಿಯಿಂದ ಎರಡು ಹೆಜ್ಜೆ ಹಿಂದೆ ಸರಿದ,
ಆಮೇಲೆ ಯೋಚಿಸಿ ಐವತ್ತು ರೂಪಾಯಿ ಏರಿಸಿದ.

ಮೂವತ್ತೊಂದು ವರ್ಷ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ
ನಾನು ಟೈಮ್ ಕೀಪರ್.
ಅರ್ಧ ನಿಮಿಷಕ್ಕೆ ಕಾಲರ್ ಹಿಡಿಯುವ ಕಂಡಕ್ಟರುಗಳ ನಡುವೆ
ಕೊರಳಲ್ಲಿ ವಿಸಿಲ್, ಕಂಕುಳಲ್ಲಿ ಪುಸ್ತಕ,
"ನಿನ್ನದು ಹನ್ನೊಂದು ಹದಿನೇಳು, ಅವನದ್ದು ಹತ್ತೊಂಬತ್ತು,
ಹೋಗು ಮಾರಾಯ, ಹೋಗು."
ಎಲ್ಲರ ಕೈಯಲ್ಲೂ ವಾಚು. ಒಂದು ಹೇಳಿದ್ದನ್ನು ಇನ್ನೊಂದು ಒಪ್ಪದು.
ನನ್ನದೇ ಸರಿ ಎನ್ನಬೇಕಿತ್ತು, ಸಂಬಳ ಅದಕ್ಕೇ.
ಸರಿಯೋ ಅಲ್ಲವೋ ನನಗೂ ಗೊತ್ತಿರಲಿಲ್ಲ
ಎಂಬುದನ್ನು ಈಗ ಹೇಳಬಹುದು.

ಮಹಾಕಾಳಿಪಡ್ಪಿನ ಮನೆಯ ಮಾಡಿನಲ್ಲಿ
ಒಂದು ಹಂಚು ಸರಿಸಿ ಕೇಬಲ್ಲು ಇಳಿಸಿದ್ದೇನೆ.
ಮೇಲೆ ಬೋಗುಣಿ ಕವಚಿಟ್ಟ ಹಾಗೆ ಆಂಟೆನಾ.
ಅದಕ್ಕೆ ಎಂಟು ಉಪಗ್ರಹ ಕಾಣುತ್ತವೆ,
ಪಕ್ಕದ ಮನೆಯ ತೆಂಗಿನ ಗರಿ ಬಾಗಿದರೆ ಆರು,
ಕಾಗೆ ಬಂದು ಕೂತರೆ ನಾಲ್ಕು.
ಡಬ್ಬಿಗೆ ಇಪ್ಪತ್ತನಾಲ್ಕು ವೋಲ್ಟು ಕೊಟ್ಟು ಕಾಯುತ್ತೇನೆ.
ಕಾವಲಿ ಇಳಿಸಿದ ಮೇಲಿನ ಒಲೆಕಲ್ಲಿನ ಬಿಸಿ.
ಐದು ನಿಮಿಷಕ್ಕೆ ಹಸಿರು ದೀಪ. ಹಿಡಿಯಿತು.
ಈಗ ಒಳಗೆ ಏನೋ ಒಂದು
ಸೆಕೆಂಡಿಗೆ ಆರುನೂರ ಎಂಬತ್ತಮೂರು ಕೋಟಿ
ನಲವತ್ತಾರು ಲಕ್ಷದ ಎಂಬತ್ತೆರಡು ಸಾವಿರದ
ಆರುನೂರ ಹತ್ತು ಸಲ
ಹೌದು ಹೌದು ಹೌದು ಎನ್ನುತ್ತಿದೆ.
"ಇಷ್ಟೆಲ್ಲ ಟೈಮ್ ಗೊತ್ತಿದ್ದವರು
ಬಂಗುಡೆ ಮುಗಿದ ಮೇಲೆ ಮಾರ್ಕೆಟ್ಟಿಗೆ ಹೋದದ್ದು ಯಾಕೆ?"
ಇದು ಜಲಜ.

ಕೇಬಲ್ಲಿಗೂ ಒಂದು ಲೆಕ್ಕ ಉಂಟು.
ಹದಿನಾರು ಮೀಟರು. ಮೀಟರಿಗೆ ಐದು ನ್ಯಾನೋಸೆಕೆಂಡು.
ಎಂಬತ್ತು, ಎಂದು ರಿಸೀವರಿಗೆ ಹೇಳಿಕೊಡಬೇಕು,
ಇಲ್ಲವಾದರೆ ಅಷ್ಟು ಮೇಲಿನಿಂದ ಸರಿಯಾಗಿ ಬಂದದ್ದು
ಮಾಡಿನಿಂದ ಮೇಜಿಗೆ ಇಳಿಯುವಷ್ಟರಲ್ಲಿ ಹಳತಾಗುತ್ತದೆ.

ಎಂಬತ್ತು ಒತ್ತುವಾಗ ಕೈ ನಿಂತಿತು.

ಸರಿಸಿದ ಹಂಚಿನ ಹೊಟ್ಟೆಯಲ್ಲಿ ಅಪ್ಪನ ಕಾರ್ಖಾನೆಯ ಅಚ್ಚು.
ಆರಕ್ಕೆ ಹೊಳೆಬದಿಯಿಂದ ಮೊದಲ ಕೂಗು.
ಅಪ್ಪ ಕುರ್ಚಿ ಹತ್ತಿ ಗೋಡೆ ಗಡಿಯಾರದ ಮುಳ್ಳು ಕೂರಿಸುವುದು ಅದಕ್ಕೆ.
ಏಳಕ್ಕೆ ಎರಡನೆಯದು. ಅದಕ್ಕೆ ಗೇಟು.
ನೇರ ಗೆರೆ ಎಳೆದರೆ ಅಲ್ಲಿಂದ ಇಲ್ಲಿಗೆ ಸಾವಿರದ ನಾನ್ನೂರು ಮೀಟರು.
ನಮ್ಮೂರ ಸೆಕೆಗೆ ಸದ್ದು ತುಸು ಬೇಗ ಓಡುತ್ತದೆ,
ಸೆಕೆಂಡಿಗೆ ಮುನ್ನೂರೈವತ್ತು.
ಅಂದರೆ ನಾಲ್ಕು.
ಮನೆಮಂದಿಯೆಲ್ಲ ಅಷ್ಟು ವರ್ಷ
ನಾಲ್ಕು ಸೆಕೆಂಡು ಹಿಂದೆ ಉಂಡೆವು, ಮಲಗಿದೆವು.

ಆಟಿಯ ಒಂದು ಸೋಮವಾರ ಅಪ್ಪ ಎಂಟಕ್ಕೇ ಮನೆಗೆ ಬಂದ.
ಜಗಲಿಯಲ್ಲಿ ಕೂತು ಕಾಲಿನ ಕೆಸರು ಕೆರೆಯುತ್ತಾ
"ಮೂರು ಹೆಜ್ಜೆ," ಅಂದ. "ಕಣ್ಣೆದುರೇ ಹಾಕಿದರು."
ಗಡಿಯಾರವನ್ನು ನೋಡಿದ, ಬಯ್ಯಲಿಲ್ಲ.

ನಾಲ್ಕು ಸೆಕೆಂಡಿಗೆ ಎಷ್ಟು ಹೆಜ್ಜೆ?
ಅಂಗಳದಲ್ಲಿ ಓಡಿ ನೋಡಿದೆ.
ಅರುವತ್ತಾರರ ಈ ಕಾಲಿಗೆ ಒಂಬತ್ತು.

ಯಾರ ಪುಸ್ತಕದಲ್ಲಿ ಬರೆಸಲಿ ಇದನ್ನು?
ಕಾರ್ಖಾನೆ ಇದ್ದಲ್ಲಿ ಈಗ ಬೋಟಿನ ಎಂಜಿನ್ ಬಿಚ್ಚುತ್ತಾರೆ.
ರಿಸೀವರಿನಲ್ಲಿ ಕೇಬಲ್ಲಿಗೆ ಒಂದು ಕೋಣೆ ಉಂಟು,
ಕೂಗಿಗೆ ಇಲ್ಲ.

ಗಡಿಯಾರ ಅದೇ ಮೊಳೆಯಲ್ಲಿದೆ. ವಾರಕ್ಕೆ ಎರಡು ನಿಮಿಷ ಸೋಲುತ್ತದೆ,
ಭಾನುವಾರ ಕೀಲಿ ಕೊಡುವವ ನಾನು.
ಮೇಜಿನ ಮೇಲೆ ಸೆಕೆಂಡಿಗೊಂದು ಕೆಂಪು ಮಿಣುಕು.
ಲೋಲಕವನ್ನು ಬೆರಳಲ್ಲಿ ತಡೆದು ನಿಂತಿದ್ದೇನೆ.
ಆರು ಆಯಿತು.
ಕೆಳಗೆ ಕುರ್ಚಿ ಹಿಡಿದ ಜಲಜ
"ಬಿಡಿ ಇನ್ನು, ಆಯ್ತಲ್ಲ" ಅಂದಳು.

"ಇರು," ಅಂದೆ, "ಇನ್ನು ನಾಲ್ಕು ಉಂಟು."